ಫ್ರೇಮಿನ ಹಿಂದಿನ ಹೆಸರು

ಹೇರೋಹಳ್ಳಿಯ ಆ ತಗಡಿನ ಶೆಡ್ಡಿನಲ್ಲಿ ಕೆಲಸ ಮಾಡುವವರ ಬೆರಳು ನೋಡಿದರೆ ಸಾಕು, ಬಂದು ಎಷ್ಟು ವರ್ಷವಾಯಿತೆಂದು ಹೇಳಿಬಿಡಬಹುದು. ಮೊದಲ ವರ್ಷ ಗಾಜಿನ ಗೀರು. ಎರಡನೆಯ ವರ್ಷ ಗೀರಿನ ಮೇಲೆ ಗೀರು. ಮೂರನೆಯ ವರ್ಷಕ್ಕೆ ಚರ್ಮ ದಪ್ಪಗಾಗಿ ರಕ್ತ ಬರುವುದೂ ನಿಂತುಹೋಗುತ್ತದೆ. ಜಗದಾಂಬಾ ಬಂದು ಮೂರು ವರ್ಷವಾಗಿತ್ತು. ಯೋಗಾನಂದ ಬಂದು ಒಂಬತ್ತು.

ಅಲ್ಲಿ ಮಾಡುತ್ತಿದ್ದುದು ಫೋಟೋ ಫ್ರೇಮು. ದೇವರು, ತೀರಿಕೊಂಡ ಹಿರಿಯರು, ಹೊಸದಾಗಿ ಮದುವೆಯಾದವರು, ಎಲ್ಲರಿಗೂ ಅಲ್ಲೇ ಗಾಜು ಬೀಳುತ್ತಿತ್ತು. ಮಧ್ಯಾಹ್ನವಾದರೆ ತಗಡು ಕಾದು ತಲೆಯ ಮೇಲೆ ದೋಸೆ ಕಾವಲಿ ಇಟ್ಟ ಹಾಗೆ. ಫ್ಯಾನು ಇತ್ತು, ಹಾಕುವಂತಿರಲಿಲ್ಲ. ಹಾಕಿದರೆ ಫೋಟೋಗಳು ಹಾರುತ್ತವೆ. ಗಣಪತಿ ಹಾರಿಹೋದರೆ ಮಾಲೀಕನಿಗೆ ನಷ್ಟ, ನಾಲ್ಕು ಜನ ಬೆವರಿದರೆ ಯಾರಿಗೇನು ನಷ್ಟ?

ಮಾಲೀಕನ ಹೆಸರು ಮುರಳೀಕೃಷ್ಣ. ರಾಜಾಜಿನಗರದಲ್ಲಿ ಅವನ ದೊಡ್ಡ ಅಂಗಡಿ. ಅಲ್ಲಿ ಏಸಿ, ಊದುಬತ್ತಿ, ಸಣ್ಣ ದನಿಯಲ್ಲಿ ಭಜನೆ. "ನಾವೆಲ್ಲ ಒಂದೇ ಫ್ಯಾಮಿಲಿ" ಎನ್ನುವುದು ಅವನಿಗೆ ಬಾಯಿಪಾಠ. ಆ ಫ್ಯಾಮಿಲಿಯಲ್ಲಿ ಒಬ್ಬನಿಗೆ ಮಾತ್ರ ಕಾರಿತ್ತು.

ಆ ಫ್ಯಾಮಿಲಿಗೆ ಒಂದು ಕಾನೂನೂ ಇತ್ತು. ಯಾರು ಫ್ರೇಮು ಕಟ್ಟುತ್ತಾರೋ ಅವರು ಅದರ ಹಿಂದಿನ ಹಾರ್ಡ್‌ಬೋರ್ಡಿನ ಮೇಲೆ ತಮ್ಮ ಹೆಸರು ಬರೆಯಬೇಕು. ನಾಳೆ ಗಾಜು ಸಡಿಲವಾದರೆ, ಮೊಳೆ ಕಿತ್ತುಬಂದರೆ ಬೈಗುಳ ಯಾರಿಗೆ ಸಲ್ಲಬೇಕೆಂದು ಗೊತ್ತಾಗಬೇಕಲ್ಲ. ಶನಿವಾರ ಸಂಜೆ ಮುರಳೀಕೃಷ್ಣ ಬಂದು ಫ್ರೇಮುಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದ. ವಾರವಿಡೀ ಯಾರ ಹೆಸರು ಒಂದರ ಮೇಲೂ ಇಲ್ಲವೋ ಅವರು ಸೋಮವಾರ ಬರಬೇಕಾಗಿರಲಿಲ್ಲ. ಹೆರಿಗೆಗೆ ಹೋದ ಒಬ್ಬಳು ಹಾಗೆಯೇ ಕೆಲಸ ಕಳೆದುಕೊಂಡಿದ್ದಳು. ಅವಳ ಜಾಗಕ್ಕೆ ಬಂದವಳು ರಮ್ಯಶ್ರೀ. ಇನ್ನು ಮರದ ಪಟ್ಟಿ ಕೊಯ್ಯುವ ಮಹದೇವ್. ಒಟ್ಟು ನಾಲ್ಕು ಜನ.

ಜಗದಾಂಬಾ ಯಾದಗಿರಿ ಕಡೆಯವಳು. ಗಂಡ ಸೆಂಟ್ರಿಂಗ್ ಕೆಲಸ ಮಾಡುತ್ತ ನಾಲ್ಕನೆಯ ಮಹಡಿಯಿಂದ ಬಿದ್ದು ತೀರಿಕೊಂಡ ಮೇಲೆ, ಮಗಳು ಶರಣ್ಯಾಳನ್ನು ಕಟ್ಟಿಕೊಂಡು ಕೆರೆ ಪಕ್ಕದ ಶೀಟು ಮನೆಗಳ ಸಾಲಿನಲ್ಲಿ ಒಂದು ಕೋಣೆ ಹಿಡಿದಿದ್ದಳು. ಓದು ಬರಹ ಬರುತ್ತಿರಲಿಲ್ಲ. ಹೆಸರಿನ ಬದಲು ಅವಳು ಬೋರ್ಡಿನ ಮೇಲೆ ಮೂರು ಅಡ್ಡಗೆರೆ ಎಳೆದು ನಡುವೆ ಒಂದು ಚುಕ್ಕೆ ಇಡುತ್ತಿದ್ದಳು. ವಿಭೂತಿ, ಕುಂಕುಮ. "ನನ್ನ ಹೆಸರಿಗಿಂತ ಇದೇ ಚಂದ ಅದ ಬಿಡ್ರಿ ಅಣ್ಣಾರ" ಎಂದು ನಗುತ್ತಿದ್ದಳು.

ಯೋಗಾನಂದನದು ಬೇರೆ ಕಥೆ. ಅವನು ಒಂದು ಕಾಲಕ್ಕೆ ಬೋರ್ಡು ಬರೆಯುವವನು. ವಿಜಯನಗರದಿಂದ ಕೆಂಗೇರಿಯವರೆಗೆ ಎಷ್ಟು ಬೇಕರಿ, ಎಷ್ಟು ಬಟ್ಟೆ ಅಂಗಡಿ, ಎಷ್ಟು ಕ್ಲಿನಿಕ್ಕುಗಳ ಹಣೆಯ ಮೇಲೆ ಅವನ ಅಕ್ಷರವಿತ್ತೋ ಅವನಿಗೇ ನೆನಪಿಲ್ಲ. ತಲೆಕಟ್ಟು ಎಳೆದರೆ ದಾರ ಹಿಡಿದಂತೆ ನೇರ. ಬೋರ್ಡಿನ ಕೆಳಮೂಲೆಯಲ್ಲಿ ಸಣ್ಣಗೆ 'ಯೋಗಿ ಆರ್ಟ್ಸ್'. ಆಮೇಲೆ ಫ್ಲೆಕ್ಸ್ ಬಂತು, ಬ್ರಷ್ಷುಗಳು ಅಟ್ಟ ಸೇರಿದವು, ಯೋಗಾನಂದ ಗಾಜು ಹಿಡಿದ. ಐವತ್ತಾರು ವಯಸ್ಸಾದರೂ ಕೈಗೆ ಬರೆಯುವ ಚಟ ಮಾತ್ರ ಬಿಟ್ಟಿರಲಿಲ್ಲ. ಶರಣ್ಯಾಳ ಒಂದನೇ ಕ್ಲಾಸಿನ ಪುಸ್ತಕಗಳಿಗೆಲ್ಲ ಲೇಬಲ್ ಬರೆದುಕೊಟ್ಟವನು ಅವನೇ.

ಹೀಗಿರುವಾಗ ಒಂದು ದಿನ ಗೋಣಿಚೀಲಗಳಲ್ಲಿ ಇಂದ್ರಜಾಲ ಬಂತು.

ಬಿಚ್ಚಿದರೆ ಬೀಸಣಿಗೆಯ ಆಕಾರ. ಕಡ್ಡಿಕಡ್ಡಿಯಾಗಿ ಕವಲೊಡೆದು ಬಲೆಯಂತೆ ಹೆಣೆದುಕೊಂಡದ್ದು. ಒಣಮೀನಿನ ವಾಸನೆ ಶೆಡ್ಡು ತುಂಬಿತು.

"ಸಮುದ್ರದ ತಳದಲ್ಲಿ ಬೆಳೆಯೋ ಗಿಡದ ಬೇರು ಯೋಗಣ್ಣ" ಎಂದ ಮುರಳೀಕೃಷ್ಣ. "ಮನೇಲಿಟ್ರೆ ದೃಷ್ಟಿ, ಮಾಟ, ವಾಸ್ತು ದೋಷ ಏನೂ ತಟ್ಟಲ್ಲ. ದೊಡ್ಡ ದೊಡ್ಡೋರೇ ಹುಡುಕ್ಕೊಂಡು ಬರ್ತಾರೆ. ಅಂಗಡೀಲಿ ಇಡಲ್ಲ, ಆರ್ಡರ್ ಮೇಲೆ ಮಾತ್ರ. ಕೆಂಪು ವೆಲ್ವೆಟ್ ಹಾಕಿ ಕಟ್ಟಿ."

"ಅಂಗಡೀಲಿ ಯಾಕಿಡಲ್ಲ ಸಾರ್?" ಮಹದೇವ್ ಕೇಳಿದ.

"ದೃಷ್ಟಿ ತೆಗೆಯೋ ವಸ್ತುಗೇ ದೃಷ್ಟಿ ಆಗ್ಬಿಡುತ್ತೆ ಕಣಯ್ಯಾ."

ಎಲ್ಲರೂ ನಕ್ಕರು. ಯೋಗಾನಂದನೂ ನಕ್ಕ. ಆ ನಗು ಆಮೇಲೆ ಅವನಿಗೆ ಎಷ್ಟು ಸಲ ನೆನಪಾಯಿತೋ.

ನಗದೆ ಇದ್ದವಳು ಜಗದಾಂಬಾ ಒಬ್ಬಳೇ. ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ಥಟ್ಟನೆ ಕೆಳಗಿಟ್ಟಳು. "ಅಣ್ಣಾರ, ಇದು ಗಿಡ ಅಲ್ರಿ. ಜೀವ ಇದ್ದದ್ದರ ವಾಸನಿ ಅದ ಇದು. ನಾ ಇದನ್ನ ಮುಟ್ಟಂಗಿಲ್ಲ. ನಂಗ ದೇವ್ರ ಫೋಟೋನೇ ಕೊಡ್ರಿ."

"ಆಯ್ತು ಬಿಡಮ್ಮ, ನಾನ್ ಮಾಡ್ತೀನಿ" ಎಂದ ಯೋಗಾನಂದ. ಹಾಗಾಗಿ ಇಂದ್ರಜಾಲವೆಲ್ಲ ಅವನ ಪಾಲಿಗೆ ಬಂತು. ನೀರಿನಲ್ಲಿ ನೆನೆಸುವುದು, ಗಾಜಿನ ಹಲಗೆಯ ಕೆಳಗಿಟ್ಟು ನೇರ ಮಾಡುವುದು, ಕವಲಿನ ಸಂದಿಯಲ್ಲಿ ಅಂಟಿಕೊಂಡ ಸಾಸಿವೆಯಷ್ಟು ಸಣ್ಣ ಚಿಪ್ಪುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆಯುವುದು, ಕಪ್ಪು ಬಣ್ಣ ಹೊಡೆಯುವುದು. ಕೆಂಪು ವೆಲ್ವೆಟ್ಟಿನ ಮೇಲೆ ಕೂರಿಸಿ ಗಾಜು ಹಾಕಿದರೆ ನೋಡಲು ಚೆನ್ನಾಗಿಯೇ ಇರುತ್ತಿತ್ತು. ಅವನಿಗೆ ಅದು ಕೆಲಸ, ಅಷ್ಟೇ.

ಮಳೆಗಾಲ ಶುರುವಾಗುತ್ತಿದ್ದಂತೆ ಶರಣ್ಯಾಗೆ ಜ್ವರ ಬಂತು. ಸೋಮವಾರ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಸೇರಿಸಿಕೊಂಡರು. ಹೊರಡುವ ಅವಸರದಲ್ಲಿ ಜಗದಾಂಬಾ, ಮಗುವಿನ ಬಟ್ಟೆ ತಂದುಕೊಡಲೆಂದು ಕೋಣೆಯ ಕೀಲಿಯನ್ನು ಯೋಗಾನಂದನ ಹೆಂಡತಿ ಯಶೋದಮ್ಮನ ಕೈಗೆ ಕೊಟ್ಟು ಓಡಿದ್ದಳು. ಗುರುವಾರ ಯೋಗಾನಂದನಿಗೆ ಅವಳ ಫೋನು.

"ಅಣ್ಣಾರ, ರಕ್ತದಾಗ ಏನೋ ಇಳ್ಯಾಕತ್ತಾದ ಅಂತ್ರಿ. ಮಂಗಳಾರದ ತನಕ ಬಿಡಂಗಿಲ್ಲಂತ. ಈ ವಾರ ನಂದು ಒಂದೂ ಫ್ರೇಮು ಇಲ್ಲ. ನನ್ನ ಕೆಲ್ಸ ಹೋದಂಗ ಏನ್ರಿ?"

"ಕೆಲಸ ಎಲ್ಲೂ ಹೋಗಲ್ಲ. ನೀನು ಮಗು ನೋಡ್ಕೋ" ಎಂದ ಯೋಗಾನಂದ. ಹೇಳಿದ ಮೇಲೆ ಮಾತು ಉಳಿಸಿಕೊಳ್ಳಬೇಕಲ್ಲ. ಆ ವಾರ ಅವನು ಇಪ್ಪತ್ತೆರಡು ಇಂದ್ರಜಾಲ ಕಟ್ಟಿದ್ದ, ಜೊತೆಗೆ ಒಂದಷ್ಟು ದೇವರ ಪಟ. ದೇವರ ಪಟಕ್ಕೆ ತನ್ನ ಹೆಸರು ಹಾಕಿಕೊಂಡ. ಇಂದ್ರಜಾಲಗಳನ್ನು ಮಗುಚಿ ಜಗದಾಂಬಾಳ ಹೆಸರು ಬರೆಯಲು ಕೂತ.

ಮೂರು ಗೆರೆ ಒಂದು ಚುಕ್ಕೆ ಇಟ್ಟಿದ್ದರೂ ಆಗುತ್ತಿತ್ತು. ಆದರೆ ಇಂದ್ರಜಾಲದ ಫ್ರೇಮು ದೊಡ್ಡದು, ಹಿಂದಿನ ಬೋರ್ಡು ಅಗಲ, ಅಕ್ಷರಕ್ಕೆ ಎಷ್ಟು ಬೇಕೋ ಅಷ್ಟು ಜಾಗ. ಹಳೆಯ ಚಟ ಕೆರಳಿತು. ಸಣ್ಣ ಬ್ರಷ್ಷು ತೆಗೆದು, ತಲೆಕಟ್ಟು ಎಳೆದು, 'ಜಾ' ಅಲ್ಲ 'ಜ' ಎಂದು ತಾನೇ ಗೊಣಗಿಕೊಂಡು, ಇಪ್ಪತ್ತೆರಡು ಬೋರ್ಡಿನ ಮೇಲೂ ಪೂರ್ತಿ ಹೆಸರು ಬರೆದ. ಜಗದಾಂಬಾ. ಪಾಪ, ಆ ಹೆಣ್ಣುಮಗಳ ಹೆಸರನ್ನು ಇಷ್ಟು ಚೆನ್ನಾಗಿ ಯಾರೂ ಬರೆದಿರಲಾರರು ಎಂದುಕೊಂಡ. ಬಹಳ ದಿನಗಳ ಮೇಲೆ ಮನಸ್ಸಿಗೆ ಹಿತವಾಯಿತು.

ಶನಿವಾರ ಮುರಳೀಕೃಷ್ಣ ಬಂದು ಫ್ರೇಮು ಮಗುಚಿದ. ಹೆಸರು ನೋಡಿದ. ಯೋಗಾನಂದನ ಮುಖ ನೋಡಿದ. ಅವಳು ಆಸ್ಪತ್ರೆಯಲ್ಲಿರುವುದು ಅವನಿಗೂ ಗೊತ್ತಿತ್ತು.

"ಚೆನ್ನಾಗ್ ಬರ್ದಿದೀರಿ ಯೋಗಣ್ಣ" ಎಂದು ಬೆನ್ನು ತಟ್ಟಿ ಹೋದ.

ಭಾನುವಾರ ಅವನದೇ ಫೋನು. "ಜೋರು ಮಳೆ ಅಂತಿದಾರೆ. ಶೆಡ್ಡು ಸೋರಿ ವೆಲ್ವೆಟ್ ಹಾಳಾಗುತ್ತೆ. ಆ ಇಪ್ಪತ್ತೆರಡನ್ನೂ ನಾಲ್ಕು ದಿನ ಜಗದಾಂಬಾ ರೂಮಲ್ಲಿ ಇಟ್ಬಿಡಿ. ಕೀ ನಿಮ್ಮನೇಲೇ ಇದೆಯಲ್ಲ. ಲಗೇಜ್ ಆಟೋ ಕಳಿಸ್ತೀನಿ."

ಯಶೋದಮ್ಮ ಕೀಲಿ ಕೊಡುವಾಗ ಒಂದು ಮಾತು ಹೇಳಿದಳು. "ಅವಳನ್ನ ಒಂದ್ ಮಾತು ಕೇಳ್ರೀ. ಅವಳ ಮನೆ ಅದು."

"ಆಸ್ಪತ್ರೇಲಿ ಇರೋಳಿಗೆ ಇದಕ್ಕೆಲ್ಲ ಫೋನ್ ಮಾಡ್ಬೇಕಾ? ನಾಲ್ಕು ದಿನ ತಾನೇ" ಎಂದ ಯೋಗಾನಂದ. ತಾನೇ ಬೀಗ ತೆಗೆದು, ತಾನೇ ಹೊತ್ತು, ಗೋಡೆಗೆ ಒರಗಿಸಿ, ಮೇಲೆ ಅವಳ ಹಳೆಯ ಸೀರೆಯೊಂದನ್ನು ಹೊದಿಸಿ, ಬೀಗ ಹಾಕಿಕೊಂಡು ಬಂದ. ಹಿಂದಿನ ದಿನ ಊರಿನ ಇನ್ನೊಂದು ಮೂಲೆಯಲ್ಲಿ ಇಂಥದ್ದೇ ಮಾಲು ಮಾರುತ್ತಿದ್ದ ಅಂಗಡಿಯೊಂದರ ಮೇಲೆ ದಾಳಿಯಾಗಿತ್ತು. ಅದು ಮುರಳೀಕೃಷ್ಣನಿಗೆ ಗೊತ್ತಿತ್ತು. ಯೋಗಾನಂದನಿಗೆ ಗೊತ್ತಿರಲಿಲ್ಲ.

ಮಂಗಳವಾರ ಹನ್ನೊಂದು ಗಂಟೆಗೆ ಶೀಟು ಮನೆಗಳ ಮುಂದೆ ಅರಣ್ಯ ಇಲಾಖೆಯ ಜೀಪು ನಿಂತಿತು. ಯಾರು ಸುಳಿವು ಕೊಟ್ಟರೋ ಇವತ್ತಿಗೂ ಹೊರಗೆ ಬಂದಿಲ್ಲ. ಸುದ್ದಿ ಕೇಳಿ ಯೋಗಾನಂದ ಶೆಡ್ಡಿನಿಂದ ಓಡಿದ. ಅವನು ಬರುವಷ್ಟರಲ್ಲಿ ಬೀಗ ಒಡೆದಿದ್ದರು, ಫ್ರೇಮುಗಳನ್ನು ಬೀದಿಯಲ್ಲಿ ಸಾಲಾಗಿ ಒರಗಿಸಿದ್ದರು. ಅದೇ ಹೊತ್ತಿಗೆ ಮಗಳನ್ನು ಸೊಂಟದ ಮೇಲೆ ಹೊತ್ತು, ಮಾತ್ರೆಯ ಚೀಲ ಹಿಡಿದು ಜಗದಾಂಬಾ ತಿರುವಿನಲ್ಲಿ ಕಾಣಿಸಿಕೊಂಡಳು. ಆಸ್ಪತ್ರೆಯಿಂದ ನೇರ ಬರುತ್ತಿದ್ದಳು.

ಬಸವಕುಮಾರ್ ಎಂಬ ಚಿಕ್ಕ ವಯಸ್ಸಿನ ಅಧಿಕಾರಿ ಒಂದು ಫ್ರೇಮು ಮಗುಚಿ ಹಿಡಿದ. "ಇದು ನಿನ್ನ ಹೆಸರೇನಮ್ಮ?"

"ನಂಗ ಓದಾಕ ಬರಂಗಿಲ್ರಿ ಸಾಹೇಬ್ರ."

"ಜಗದಾಂಬಾ ಅಂತಿದೆ."

"ನನ್ನ ಹೆಸರು ಅದೇ ರಿ. ಆದ್ರ ನಾ ಇದನ್ನ ಮುಟ್ಟಿಲ್ರಿ."

"ನಿನ್ನ ಮನೇಲಿದೆ, ನಿನ್ನ ಹೆಸರಿದೆ, ನೀನು ಮುಟ್ಟಿಲ್ಲ!" ಎಂದ ಬಸವಕುಮಾರ್. ಅವನು ಒರಟನಲ್ಲ. ಸುತ್ತ ನೆರೆದವರಿಗೂ ಕೇಳಲೆಂದು ದನಿ ಎತ್ತಿ ಹೇಳಿದ. "ಇದು ಗಿಡ ಅಲ್ಲ. ಸಮುದ್ರದ ಪ್ರಾಣಿ. ಒಂದು ಗೇಣು ಬೆಳೆಯೋಕೆ ಹತ್ತು ಹನ್ನೆರಡು ವರ್ಷ ಬೇಕು. ಇದರ ಮರೇಲಿ ಮೀನಿನ ಮರಿಗಳು ಬದುಕ್ತವೆ. ಇದನ್ನ ಕಿತ್ರೆ ಅವೂ ಹೋದ್ವು. ಹುಲಿ ಕೊಂದ್ರೆ ಯಾವ ಕಾನೂನೋ ಇದಕ್ಕೂ ಅದೇ ಕಾನೂನು. ಏಳು ವರ್ಷದವರೆಗೆ ಜೈಲು."

ಮೋರಿಯ ಈಚೆ ನಿಂತಿದ್ದ ಯೋಗಾನಂದನಿಗೆ ಹಲ್ಲುಜ್ಜುವ ಬ್ರಷ್ಷು ನೆನಪಾಯಿತು. ಸಾಸಿವೆಯಂಥ ಚಿಪ್ಪುಗಳು ನೆನಪಾದವು.

ಬಸವಕುಮಾರ್ ಕಾಗದ ತರಲು ಜೀಪಿನತ್ತ ಹೋದಾಗ ಜಗದಾಂಬಾ ಗುಂಪಿನಲ್ಲಿ ಅವನನ್ನು ಕಂಡಳು. ಕಣ್ಣಲ್ಲಿ ಜೀವ ಬಂತು. "ಅಣ್ಣಾರ, ಕೀಲಿ ನಿಮ್ಮಲ್ಲೇ ಇತ್ತಲ್ರಿ. ಇವು ನನ್ನ ಮನ್ಯಾಗ ಹ್ಯಾಂಗ ಬಂದವು?"

ಎರಡೇ ಮಾತು ಸಾಕಾಗಿತ್ತು. 'ನಾನೇ ಇಟ್ಟೆ.' ಅಷ್ಟೇ. ಏಳು ವರ್ಷ ಎನ್ನುವುದು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಯಶೋದಮ್ಮನ ಮುಖ ಕಣ್ಣ ಮುಂದೆ ಬಂತು. ಯೋಗಾನಂದ ತಲೆ ತಗ್ಗಿಸಿ ಮೋರಿಯ ನೀರು ನೋಡುತ್ತ ನಿಂತುಬಿಟ್ಟ. ಅವನು ಹೇಡಿಯಾದದ್ದು ಅಲ್ಲಿ, ಹಗಲು ಹನ್ನೊಂದೂವರೆಗೆ, ಐವತ್ತು ಜನರ ನಡುವೆ.

ಕಾಗದ ಬರೆದರು. ಹೆಸರು ಬರೆಯಲು ಬಾರದವಳು, ತಾನು ಹೆಸರು ಬರೆದಿದ್ದೇನೆಂಬ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಗಾಜು ತಾಗಿ ತಾಗಿ ಸವೆದ ಹೆಬ್ಬೆಟ್ಟು. ಗೆರೆ ಸರಿಯಾಗಿ ಮೂಡಲಿಲ್ಲವೆಂದು ಎರಡನೆಯ ಸಲ ಒತ್ತಿಸಿಕೊಂಡರು.

ಜೀಪು ಹತ್ತುವ ಮೊದಲು ಅವಳು ಮಗಳನ್ನು ತಂದು ಕೊಟ್ಟದ್ದು ಯಾರ ಕೈಗೆ? ಯೋಗಾನಂದನ ಕೈಗೇ. "ಪಾಪು ನಿಮ್ಮ ಮನ್ಯಾಗ ಇರ್ಲಿ ಅಣ್ಣಾರ. ಮಾತ್ರಿ ಚೀಲದಾಗ ಅವ. ಊಟಾದ ಮ್ಯಾಲ ಕೊಡ್ರಿ."

ಮರುದಿನ ಪೇಪರಿನಲ್ಲಿ ಫೋಟೋ ಬಂತು. ಮೇಜಿನ ಮೇಲೆ ಇಂದ್ರಜಾಲ, ಹಿಂದೆ ಸಾಲಾಗಿ ಅಧಿಕಾರಿಗಳು, ತುದಿಯಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡ ಒಬ್ಬ ಹೆಂಗಸು. 'ಅಪರೂಪದ ಸಮುದ್ರ ಜೀವಿಗಳ ರಕ್ಷಣೆ' ಎಂದು ತಲೆಬರಹ. ಸತ್ತು ಒಣಗಿ ಗಾಜಿನೊಳಗೆ ಬಿದ್ದಿದ್ದನ್ನು ಅವರು ಹೇಗೆ ರಕ್ಷಿಸಿದರೋ. ಸಮುದ್ರವನ್ನು ಒಂದು ಸಲವೂ ಕಣ್ಣಲ್ಲಿ ಕಾಣದವಳು ಸಮುದ್ರ ಲೂಟಿ ಮಾಡಿದ ಕಳ್ಳಿಯಾಗಿ ಪರಪ್ಪನ ಅಗ್ರಹಾರ ಸೇರಿದಳು.

ಮುರಳೀಕೃಷ್ಣ ಶೆಡ್ಡಿಗೆ ಬಂದು ಯೋಗಾನಂದನನ್ನು ಪಕ್ಕಕ್ಕೆ ಕರೆದ.

"ನಾನು ಲಾಯರ್ ನೋಡ್ತಿದೀನಿ ಯೋಗಣ್ಣ. ಬೇಲ್ ಸಿಗುತ್ತೆ. ಎರಡು ಮೂರು ತಿಂಗಳು. ನಮ್ಮ ಫ್ಯಾಮಿಲಿ ಅಲ್ವಾ ಅವಳು?"

"ಸಾರ್, ಅವಳು ಒಂದನ್ನೂ ಕಟ್ಟಿಲ್ಲ. ನಿಮಗೂ ಗೊತ್ತು."

"ನನಗೇನು ಗೊತ್ತು? ಹಿಂದೆ ಯಾರ ಹೆಸರಿದೆಯೋ ಅಷ್ಟೇ ನನಗೆ ಗೊತ್ತು." ಅವನು ನಗುತ್ತಲೇ ಇದ್ದ. "ಆ ಹೆಸರು ಬರೆದಿದ್ದು ನಾನಾ? ಅವಳ ಬೀಗ ತೆಗೆದಿದ್ದು ನಾನಾ? ನೀವು ಬಾಯಿ ಬಿಟ್ರೆ ಒಳಗೆ ಹೋಗೋದು ನೀವು. ವಯಸ್ಸಾದ ಕಾಲಕ್ಕೆ ಬೇಕಾ ಇದು? ಸುಮ್ನೆ ಕೆಲಸ ನೋಡ್ಕೊಳ್ಳಿ. ಇನ್ಮೇಲೆ ಶೆಡ್ಡು ನೀವೇ ನೋಡ್ಕೊಳ್ಳಿ, ಸೂಪರ್‌ವೈಸರ್."

ಯೋಗಾನಂದ ಸುಮ್ಮನೆ ಕೆಲಸ ನೋಡಿಕೊಂಡ. ಒಂದು ದಿನ, ಎರಡು ದಿನ, ಎಂಟು ದಿನ. ಮನೆಯಲ್ಲಿ ಶರಣ್ಯಾ ಚೇತರಿಸಿಕೊಂಡು ಓಡಾಡುತ್ತಿದ್ದಳು. ಯಶೋದಮ್ಮ ಅವಳ ತಲೆ ಬಾಚುವಳು, ಊಟ ಮಾಡಿಸುವಳು, ಗಂಡನ ಜೊತೆ ಮಾತ್ರ ಬೇಕಾದಷ್ಟೇ ಮಾತು. ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಶರಣ್ಯಾ ಶಾಲೆಗೆ ಚೀಲ ಜೋಡಿಸುತ್ತ ಗಣಿತದ ಪುಸ್ತಕ ತಂದು ಅವನ ಮುಂದೆ ಹಿಡಿದಳು.

"ಮಾಮ, ಇದು ನೀವೇ ಬರ್ದಿದ್ದಲ್ವಾ?"

"ಹೂಂ ಕಣಮ್ಮ."

"ಆವತ್ತು ಪೊಲೀಸ್ ಮಾಮ ಹಿಡ್ಕೊಂಡಿದ್ನಲ್ಲ, ಅದರ ಹಿಂದೆ ಅಮ್ಮನ ಹೆಸರೂ ಹಿಂಗೇ ಇತ್ತು. ಹಿಂಗೇ, ಮೇಲೆ ಬಾಲ ಬಂದು." ಬೆರಳಿನಿಂದ ತಲೆಕಟ್ಟು ತಿದ್ದಿದಳು. "ಅದೂ ನೀವೇ ಬರ್ದಿದ್ದಾ?"

ಯಶೋದಮ್ಮ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಮಗುವಿನ ದನಿಯಲ್ಲಿ ದೂರು ಇರಲಿಲ್ಲ. ಗುರುತು ಹಿಡಿದ ಹೆಮ್ಮೆಯಷ್ಟೇ ಇತ್ತು. ಯೋಗ್ಯತೆಯಿಲ್ಲದವನ ಮುಂದೆ ಹೀಗೆ ಬಂದು ನಿಲ್ಲುತ್ತವೆ ಮಕ್ಕಳು. ಯೋಗಾನಂದ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ.

ಅವತ್ತೇ ಶೆಡ್ಡಿಗೆ ಮತ್ತೆ ಮೂರು ಗೋಣಿಚೀಲ ಬಂದವು. ಅದೇ ವಾಸನೆ. ಮುರಳೀಕೃಷ್ಣ ಬಾಗಿಲು ಎಳೆದು ಮೂವರನ್ನೂ ನಿಲ್ಲಿಸಿ ಹೇಳಿದ. "ಆರ್ಡರ್ ಇದೆ, ಬೇಗ ಆಗ್ಬೇಕು. ಒಂದು ಮಾತು ನೆನಪಿಟ್ಕೊಳ್ಳಿ. ಇನ್ಮೇಲೆ ಇಂದ್ರಜಾಲಕ್ಕೆಲ್ಲ ಜಗದಾಂಬಾ ಅಂತಾನೇ ಬರೀರಿ. ಹೆಂಗಿದ್ರೂ ಅವಳ ಮೇಲೆ ಕೇಸ್ ಆಗಿದೆ. ಸಿಕ್ಕಿಬಿದ್ರೆ ಅವಳ ಹಳೇ ಮಾಲು ಅಂತ ಆಯ್ತು. ಯೋಗಣ್ಣ ಬರೀತಾರೆ, ಅವರ ಕೈ ಚೆನ್ನಾಗಿದೆ."

ಅವನು ಹೋದ ಮೇಲೆ ರಮ್ಯಶ್ರೀ ಬಾಯಿ ತೆರೆದಳು. "ಅಂಕಲ್, ಆ ಇಪ್ಪತ್ತೆರಡು ನೀವೇ ಕಟ್ಟಿದ್ದು. ನಾವೂ ನೋಡಿದೀವಿ. ನಾವೂ ಬಾಯ್ ಮುಚ್ಕೊಂಡಿದೀವಿ."

"ನಾಳೆ ನಿನ್ನ ಹೆಸರು ಬರಿ ಅಂತಾನೆ. ನಾಡಿದ್ದು ನಂದು" ಎಂದ ಮಹದೇವ್.

ಯೋಗಾನಂದ ಎದ್ದು ಬಸ್ಸು ಹತ್ತಿ ಇಲಾಖೆಯ ಕಚೇರಿಗೆ ಹೋದ. ಬಸವಕುಮಾರ್ ಸಿಗಲು ಎರಡು ಗಂಟೆ ಕಾಯಬೇಕಾಯಿತು. ಕಾಯುವ ಬೆಂಚಿನ ಎದುರಿಗೆ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ. 'ಸಮುದ್ರ ಜೀವಿಗಳನ್ನು ಉಳಿಸಿ.' ನೀಲಿ ನೀರಿನೊಳಗೆ ಕಿತ್ತಳೆ, ನೇರಳೆ, ಹಳದಿ ಬಣ್ಣದ ಬೀಸಣಿಗೆಗಳು ಅರಳಿ ನಿಂತಿದ್ದವು. ಸಂದಿಗಳಲ್ಲಿ ಅಕ್ಕಿಕಾಳಿನಷ್ಟು ಮೀನುಗಳು. ಅವನಿಗೆ ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಅವನು ಕಪ್ಪು ಬಣ್ಣ ಹೊಡೆದದ್ದು ಇದಕ್ಕೆ. ಇಷ್ಟು ಬಣ್ಣ ಇದ್ದದ್ದಕ್ಕೆ ಬಣ್ಣದವನಾಗಿ ತಾನೇ ಕಪ್ಪು ಹೊಡೆದಿದ್ದ. ಅವನು ಟವಲ್ಲಿನಿಂದ ಮುಖ ಒರೆಸಿಕೊಂಡ.

"ಸಾರ್, ಆ ಹೆಸರು ಬರೆದವನು ನಾನು. ಕಟ್ಟಿದವನೂ ನಾನೇ, ಅವಳ ಮನೇಲಿಟ್ಟವನೂ ನಾನೇ. ಮಾಲು ಮುರಳೀಕೃಷ್ಣಂದು. ಇವತ್ತು ಮತ್ತೆ ಮೂರು ಚೀಲ ಬಂದಿದೆ. ಅವಳಿಗೆ ಹೆಸರು ಬರೆಯೋಕೇ ಬರಲ್ಲ ಸಾರ್, ನೀವೇ ಹೆಬ್ಬೆಟ್ಟು ಒತ್ತಿಸ್ಕೊಂಡ್ರಲ್ಲ. ಬೇಕಾದ್ರೆ ನನ್ನ ಕೈಲಿ ಬರೆಸಿ ನೋಡಿ."

ಬಸವಕುಮಾರ್ ಕಾಗದ ಕೊಟ್ಟ. ಯೋಗಾನಂದ ಬರೆದ. ಅಕ್ಷರ ನೋಡಿ ಬಸವಕುಮಾರನ ಮುಖ ಸಪ್ಪಗಾಯಿತು. ಕಾಗದ ಹಿಡಿದು ಸಾಹೇಬರ ಕೋಣೆಗೆ ಹೋದ. ಹೊರಗೆ ಬರುವಾಗ ಕಣ್ಣು ತಪ್ಪಿಸುತ್ತಿದ್ದ.

"ಹೇಳಿಕೆ ಬರೆದುಕೊಟ್ಟು ಹೋಗಿ. ಕರೆಸ್ತೀವಿ."

"ನನ್ನನ್ನ ಹಿಡ್ಕೊಳ್ಳಿ ಸಾರ್. ಅವಳನ್ನ ಬಿಡಿ."

"ಅದು ನನ್ನ ಕೈಲಿಲ್ಲ. ಮಾಲು ಸಿಕ್ಕಿದೆ, ಆರೋಪಿ ಸಿಕ್ಕಿದಾಳೆ, ಮೇಲಿನವರಿಗೆ ವರದಿ ಹೋಗಿದೆ ಅಂತಾರೆ ಸಾಹೇಬ್ರು." ದನಿ ತಗ್ಗಿಸಿದ. "ನಾನು ಈ ಕೆಲಸಕ್ಕೆ ಸೇರಿದ್ದೇ ಆ ಸಮುದ್ರಕ್ಕೋಸ್ಕರ. ಕಾನೂನು ಒಳ್ಳೇದೇ ಇದೆ."

"ಒಳ್ಳೇದೇ ಸಾರ್. ರಾಜಾಜಿನಗರದ ತನಕ ಹೋಗಲಿಲ್ಲ, ಅಷ್ಟೇ. ಹೇರೋಹಳ್ಳೀಲೇ ನಿಂತುಬಿಡ್ತು" ಎಂದ ಯೋಗಾನಂದ.

ಒಂದು ವಾರ ಕಾದ. ಯಾರೂ ಕರೆಸಲಿಲ್ಲ. ಬದಲಿಗೆ ಮಾರನೆಯ ದಿನವೇ ಮೂರು ಗೋಣಿಚೀಲಗಳು ಶೆಡ್ಡಿನಿಂದ ಮಾಯವಾದವು. ಬರೆದುಕೊಟ್ಟ ಕಾಗದ ಯಾವ ಫೈಲಿನ ಅಡಿಗೆ ಬಿತ್ತೋ, ಅದರ ಸುದ್ದಿ ಮಾತ್ರ ಮುರಳೀಕೃಷ್ಣನ ಕಿವಿಗೆ ಬಿದ್ದಿತ್ತು. "ಶನಿವಾರ ಬರ್ತೀನಿ, ನಿಮ್ಮ ಲೆಕ್ಕ ಚುಕ್ತಾ ಮಾಡ್ತೀನಿ" ಎಂದು ಫೋನಿನಲ್ಲಿ ಹೇಳಿದ. ಯೋಗಣ್ಣ ಎನ್ನಲಿಲ್ಲ.

ಶನಿವಾರ ಬೆಳಿಗ್ಗೆ ಯೋಗಾನಂದ ಅಟ್ಟದಿಂದ ಬ್ರಷ್ಷುಗಳ ಡಬ್ಬ ಇಳಿಸಿದ. ಯಶೋದಮ್ಮ ಕೆಳಗೆ ನಿಂತು ಡಬ್ಬ ಇಸಿದುಕೊಂಡಳು. ಗಂಟುಕಟ್ಟಿದ ಕೂದಲನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಾನೇ ಬಿಡಿಸಿಕೊಟ್ಟಳು.

ಶೆಡ್ಡಿನ ರಸ್ತೆ ಕಡೆಯ ಗೋಡೆಗೆ ಸುಣ್ಣ ಬಳಿದಿತ್ತು, ಅಗಲವಾಗಿತ್ತು. ಮಹದೇವ್ ಏಣಿ ತಂದ. ರಮ್ಯಶ್ರೀ ಬಣ್ಣದ ಡಬ್ಬ ಹಿಡಿದಳು. ಯೋಗಾನಂದ ದಾರ ಹಿಡಿದು ಗೆರೆ ಹಾಕಿ, ಮೇಲಿನ ಸಾಲಿಂದ ಶುರು ಮಾಡಿದ. ಹತ್ತು ಗಂಟೆಗೆ ರಸ್ತೆಯಲ್ಲಿ ಜನ ನಿಲ್ಲತೊಡಗಿದರು. ಹಾಲಿನವನು, ಆಟೋದವರು, ಶೀಟು ಮನೆಗಳ ಹೆಂಗಸರು. ಕೈಯಿಂದ ಬೋರ್ಡು ಬರೆಯುವುದನ್ನು ನೋಡಿ ಎಷ್ಟು ವರ್ಷವಾಗಿತ್ತೋ ಎಲ್ಲರಿಗೂ.

ಮುರಳೀಕೃಷ್ಣನ ಕಾರು ಬಂದಾಗ ಮೂರು ಸಾಲು ಮುಗಿದಿದ್ದವು.

"ಏಯ್! ಇಳಿಯೋ ಕೆಳಗೆ!" ಎಂದು ಕೂಗಿದ. ಫ್ಯಾಮಿಲಿಯ ಭಾಷೆ ಅಷ್ಟು ಬೇಗ ಬದಲಾಯಿತು. "ಮಹದೇವ್, ಏಣಿ ಎಳಿ!"

"ಎಳೆದ್ರೆ ಬೀಳ್ತಾರೆ ಸಾರ್" ಎಂದ ಮಹದೇವ್, ಏಣಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು. "ವಯಸ್ಸಾದೋರು."

"ಪೊಲೀಸ್‌ಗೆ ಫೋನ್ ಮಾಡ್ತೀನಿ!"

"ಮಾಡಿ ಸಾರ್" ಎಂದ ಯೋಗಾನಂದ ಏಣಿಯ ಮೇಲಿನಿಂದಲೇ. "ನಾನು ಅವರನ್ನೇ ಕಾಯ್ತಿರೋದು."

ಮುರಳೀಕೃಷ್ಣ ಫೋನು ತೆಗೆದ. ಗೋಡೆ ನೋಡಿದ. ಅದರಲ್ಲಿದ್ದ ತನ್ನ ಹೆಸರು ನೋಡಿದ. ಸುತ್ತ ಮೇಲೆದ್ದಿದ್ದ ಇಪ್ಪತ್ತು ಮೊಬೈಲುಗಳನ್ನು ನೋಡಿದ. ಫೋನನ್ನು ಮತ್ತೆ ಜೇಬಿಗಿಳಿಸಿದ.

ನಾಲ್ಕನೆಯ ಸಾಲು ಮುಗಿಯಿತು. ಕೆಳಗೆ ರಮ್ಯಶ್ರೀ ಬೆರಳನ್ನು ಬಣ್ಣದಲ್ಲಿ ಅದ್ದಿ ಮೂರು ಅಡ್ಡಗೆರೆ ಎಳೆದು, ನಡುವೆ ಒಂದು ಚುಕ್ಕೆ ಇಟ್ಟಳು. ಯೋಗಾನಂದ ಇಳಿದುಬಂದು ಬಲಮೂಲೆಯಲ್ಲಿ ಹಳೆಯ ರೂಢಿಯಂತೆ 'ಯೋಗಿ ಆರ್ಟ್ಸ್' ಎಂದು ಬರೆದ. ಬ್ರಷ್ಷು ಒರೆಸಿ ಗೋಡೆಯ ಬುಡದಲ್ಲಿ ಕೂತ. ಗೋಡೆಯ ಮೇಲಿನ ಒಂದಕ್ಷರವೂ ನಡುಗಿರಲಿಲ್ಲ.

ಕಾಲೇಜು ಚೀಲ ಹಾಕಿಕೊಂಡ ಒಬ್ಬ ಮುಂದೆ ಬಂದು ಮನಸ್ಸಿನಲ್ಲೇ ಓದಿಕೊಂಡ. ಓದಿ ತಿರುಗಿ ಕೇಳಿದ. "ಅಂಕಲ್, ಇದು ನಿಜಾನಾ?"

ಯೋಗಾನಂದ ಶೀಟು ಮನೆಗಳ ಹೆಂಗಸರ ಕಡೆ ನೋಡಿದ. ಅವರು ಗೋಡೆಯನ್ನಲ್ಲ, ಓದಿದವನ ಮುಖವನ್ನು ನೋಡುತ್ತ ನಿಂತಿದ್ದರು.

"ಜೋರಾಗಿ ಓದಪ್ಪ" ಎಂದ. "ಓದೋಕೆ ಬರದೇ ಇರೋರೂ ಇದಾರೆ."

ಆ ಹುಡುಗ ಗಂಟಲು ಸರಿಮಾಡಿಕೊಂಡು, ರಸ್ತೆಯ ಆ ತುದಿಗೂ ಕೇಳುವಂತೆ ಓದಿದ:

"ಇಲ್ಲಿ ಇಂದ್ರಜಾಲ ಕಟ್ಟಿದವನು ಯೋಗಾನಂದ. ಕಟ್ಟಿಸಿ ಮಾರಿದವನು ಮುರಳೀಕೃಷ್ಣ. ಜೈಲಿನಲ್ಲಿರುವವಳು ಜಗದಾಂಬಾ. ಅವಳಿಗೆ ಹೆಸರು ಬರೆಯಲು ಬರುವುದಿಲ್ಲ."